ಹೆಸರಿಲ್ಲದ ವೈಫೈ ಜಾಲಗಳ ಮೂಲ ಹುಡುಕಿದ ಬಗೆ

ಮನೆಯ ಇಂಟರ್ನೆಟ್ ಸಂಪರ್ಕ ಬದಲಾಗಿ ಹೊಸ ರೂಟರ್ ಬಂದ ಮೇಲೆ, ನನ್ನ ವಿಂಡೋಸ್ ಲ್ಯಾಪ್‌ಟಾಪಿನ ವೈಫೈ ಪಟ್ಟಿಯಲ್ಲಿ ‘ಹಿಡನ್ ನೆಟ್‌ವರ್ಕ್’ ಎಂಬ ಸಾಲೊಂದು ಪೂರ್ಣ ಸಿಗ್ನಲ್‌ನೊಂದಿಗೆ ಕಾಣಿಸತೊಡಗಿತು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅಕ್ಕಪಕ್ಕದ ಮನೆಗಳ ವೈಫೈ ಕಾಣುವುದು ಹೊಸದೇನಲ್ಲ. ಆದರೆ ಅವು ಗೋಡೆಗಳನ್ನು ದಾಟಿ ಬರುವಷ್ಟರಲ್ಲಿ ಸೊರಗಿರುತ್ತವೆ. ಇದು ನಮ್ಮ ರೂಟರ್‌ನ ಸಿಗ್ನಲ್‌ನಷ್ಟೇ ಬಲವಾಗಿತ್ತು. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ನಾನು ಇಟ್ಟ ಒಂದು ಹೆಸರಿನ ಹೊರತು ಬೇರೇನೂ ಇರಲಿಲ್ಲ, ಗೆಸ್ಟ್ ನೆಟ್‌ವರ್ಕ್ ಕೂಡ ಆಫ್ ಆಗಿತ್ತು. ಗ್ರಾಹಕ ಸೇವೆಗೆ ಕರೆ ಮಾಡಿದಾಗ ದೊರೆತದ್ದು ಎಲ್ಲರಿಗೂ ದೊರೆಯುವ ಉತ್ತರ: ‘ಸರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.’

ವೈಫೈ ಜಾಲವೊಂದು ‘ಗುಪ್ತ’ವಾಗಿದೆ ಎಂದರೆ ಅದು ಮೌನವಾಗಿದೆ ಎಂದೇನೂ ಅಲ್ಲ. ಪ್ರತಿಯೊಂದು ಜಾಲವೂ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಹತ್ತು ಸಲ, ಬೀಕನ್ ಎಂಬ ಕಿರುಸಂದೇಶದ ಮೂಲಕ ತನ್ನ ಇರವನ್ನು ಸಾರುತ್ತಿರುತ್ತದೆ. ಗುಪ್ತ ಜಾಲವೂ ಇದನ್ನೇ ಮಾಡುತ್ತದೆ. ಸಂದೇಶದಲ್ಲಿ ಹೆಸರು ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಡುತ್ತದೆ. ಪ್ರಸಾರ ಮಾಡುವ ಸಾಧನದ ವಿಳಾಸವಾದ ಬಿಎಸ್‌ಎಸ್‌ಐಡಿ, ಅದು ಬಳಸುವ ಚಾನೆಲ್, ಪಾಸ್‌ವರ್ಡ್ ರಕ್ಷಣೆಯ ಬಗೆ ಎಲ್ಲವೂ ಬಯಲಿನಲ್ಲೇ ಇರುತ್ತವೆ. ಆದ್ದರಿಂದ ನಾನು ಹೆಸರಿನ ಗೊಡವೆ ಬಿಟ್ಟು ಈ ಮೂರನ್ನು ಹಿಡಿದು ಹೊರಟೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ನೆಟ್‌ವರ್ಕ್ಸ್ ಮೋಡ್=ಬಿಎಸ್‌ಎಸ್‌ಐಡಿ’ ಎಂಬ ಆಜ್ಞೆ ಕೊಟ್ಟರೆ ಸುತ್ತಲಿನ ಜಾಲಗಳೆಲ್ಲ ವಿಳಾಸ ಮತ್ತು ಚಾನೆಲ್ ಸಮೇತ ಪಟ್ಟಿಯಾಗುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ ಇದಕ್ಕೆ ಲೊಕೇಶನ್ ಆನ್ ಆಗಿರಬೇಕು. ವೈಫೈ ಪಟ್ಟಿಯಲ್ಲಿ ಒಂದೇ ಸಾಲಾಗಿ ತೋರುತ್ತಿದ್ದ ‘ಹಿಡನ್ ನೆಟ್‌ವರ್ಕ್’ನ ಹಿಂದೆ ನಾಲ್ಕು ವಿಳಾಸಗಳು ಇರುವುದು ಇಲ್ಲಿ ಗೊತ್ತಾಯಿತು. ಮೊದಲು ನೋಡಿದ್ದು ಅವುಗಳ ರಕ್ಷಣೆಯ ಬಗೆಯನ್ನು. ನಾಲ್ಕಕ್ಕೂ ಡಬ್ಲ್ಯೂಪಿಎ2 ಎಂಬ ಪಾಸ್‌ವರ್ಡ್ ರಕ್ಷಣೆ ಇತ್ತು. ಯಾವುದಾದರೊಂದು ‘ಓಪನ್’ ಎಂದಿದ್ದರೆ ನನ್ನ ಆತಂಕ ಬೇರೆಯೇ ಆಗಿರುತ್ತಿತ್ತು.

ಈ ಆಜ್ಞೆಯಲ್ಲಿ ಒಂದು ಕೊರತೆಯಿದೆ. ಅದು ಸಿಗ್ನಲ್ ಬಲವನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ, ಮತ್ತು ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ದಾಟಿದ ಎಲ್ಲವೂ ನೂರಕ್ಕೆ ನೂರೇ. ರೂಟರ್‌ನ ಪಕ್ಕದಲ್ಲಿ ನಿಂತರೂ ನೂರು, ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಂತರೂ ನೂರಾಗಿರಬಹುದು. ಮೂಲವನ್ನು ಹುಡುಕಲು ಇದರಿಂದ ಪ್ರಯೋಜನವಿಲ್ಲ. ಹಾಗಾಗಿ ಡಿಬಿಎಂ ತೋರಿಸುವ ವೈಫೈ ಅನಲೈಸರ್ ಆ್ಯಪ್ ಒಂದನ್ನು ಆಂಡ್ರಾಯ್ಡ್ ಫೋನಿಗೆ ಹಾಕಿಕೊಂಡೆ. ಆಂಡ್ರಾಯ್ಡ್ 9ರಿಂದೀಚೆಗೆ ಆ್ಯಪ್‌ಗಳು ಎರಡು ನಿಮಿಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ವೈಫೈ ಸ್ಕ್ಯಾನ್ ಮಾಡದಂತೆ ತಡೆಯಿದೆ. ಅದನ್ನು ತೆಗೆಯದಿದ್ದರೆ ನಾವು ಅಡುಗೆಮನೆಗೆ ಹೋದರೂ ಆ್ಯಪ್ ಹಾಲ್‌ನ ಅಂಕಿಯನ್ನೇ ತೋರಿಸುತ್ತಿರುತ್ತದೆ. ಡೆವಲಪರ್ ಆಯ್ಕೆಗಳಲ್ಲಿ ‘ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್’ ಆಫ್ ಮಾಡಿದ ಮೇಲಷ್ಟೇ ಫೋನು ಹಿಡಿದು ಮನೆಯೆಲ್ಲ ಓಡಾಡುವುದಕ್ಕೆ ಅರ್ಥ ಬಂತು.

ನಾಲ್ಕರ ಪೈಕಿ ಒಂದು ಎಲ್ಲಿ ನಿಂತರೂ ಮೈನಸ್ 80ರ ಕೆಳಗೇ ಇತ್ತು, ಬಾಲ್ಕನಿಯಲ್ಲಿ ಮಾತ್ರ ಕೊಂಚ ಏರುತ್ತಿತ್ತು. ಅದು ಹೊರಗಿನದು, ನಮಗೆ ಸಂಬಂಧವಿಲ್ಲ ಎಂದು ಕೈಬಿಟ್ಟೆ. ಉಳಿದ ಮೂರು ಮನೆಯೊಳಗಿನವೇ.

ರೂಟರ್‌ನ ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಅದರ ಮ್ಯಾಕ್ ವಿಳಾಸ, ಅಂದರೆ ಸಾಧನವನ್ನು ಗುರುತಿಸುವ ಆರು ಜೋಡಿ ಅಂಕಿ-ಅಕ್ಷರಗಳ ಸಾಲು, 60 ಎಂಬ ಜೋಡಿಯಿಂದ ಆರಂಭವಾಗುತ್ತಿತ್ತು. ಗುಪ್ತ ಜಾಲಗಳಲ್ಲಿ ಎರಡರ ವಿಳಾಸ 62ರಿಂದ, ಮೂರನೆಯದು 66ರಿಂದ ಆರಂಭವಾಗುತ್ತಿತ್ತು. ಮುಂದಿನ ಅಂಕಿಗಳು ಬಹುಮಟ್ಟಿಗೆ ಚೀಟಿಯಲ್ಲಿದ್ದವೇ. ಇದು ಕಾಕತಾಳೀಯವಲ್ಲ. ಮ್ಯಾಕ್ ವಿಳಾಸದ ಮೊದಲ ಜೋಡಿಯಲ್ಲಿ ಕೊನೆಯಿಂದ ಎರಡನೆಯ ಬಿಟ್, ಅಂದರೆ ಎರಡು ಎಂಬ ಬೆಲೆಯುಳ್ಳ ಬಿಟ್, ಒಂದಾಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಸಾಧನವೇ ಕಲ್ಪಿಸಿಕೊಂಡದ್ದು ಎಂದರ್ಥ. ಒಂದೇ ರೇಡಿಯೋದಿಂದ ಹಲವು ಜಾಲಗಳನ್ನು ಹೊರಡಿಸುವ ರೂಟರ್, ತನ್ನ ಮೂಲ ವಿಳಾಸವನ್ನೇ ಹೀಗೆ ತುಸು ತಿದ್ದಿ ಪ್ರತಿಯೊಂದಕ್ಕೂ ಬೇರೆ ಬೇರೆ ವಿಳಾಸ ಕೊಡುವುದುಂಟು. ಇಂಥ ವಿಳಾಸವನ್ನು ತಯಾರಕರ ಹೆಸರು ಹೇಳುವ ತಾಣಗಳಲ್ಲಿ ಹುಡುಕಿದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ, ಅದನ್ನು ನೋಡಿಯೇ ಅನೇಕರು ಗಾಬರಿಯಾಗುತ್ತಾರೆ. 62ರಿಂದ ಆ ಎರಡನ್ನು ಕಳೆದು 60 ಎಂದು ಹುಡುಕಿದಾಗ ನಮ್ಮ ರೂಟರ್ ತಯಾರಿಸಿದ ಕಂಪನಿಯ ಹೆಸರೇ ಬಂತು.

ವಿಳಾಸದ ಹೋಲಿಕೆ ಬಲವಾದ ಸುಳಿವು, ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಅದೇ ಕಂಪನಿಯ ರೂಟರ್ ಮೇಲಿನ ಮಹಡಿಯಲ್ಲೂ ಇರಬಹುದು. ಖಚಿತಪಡಿಸಿಕೊಳ್ಳಲು ಸಾಮಾನ್ಯವಾಗಿ ಹೇಳುವ ಉಪಾಯ ರೂಟರ್ ಆಫ್ ಮಾಡಿ ನೋಡುವುದು. ನಾನು ಅದಕ್ಕಿಂತ ಮೊದಲು ಚಾನೆಲ್ ಬದಲಿಸಿ ನೋಡಿದೆ, ಈಗಲೂ ಎಲ್ಲರಿಗೂ ಅದನ್ನೇ ಸೂಚಿಸುತ್ತೇನೆ. ಒಂದು ರೇಡಿಯೋ ಒಂದು ಸಮಯದಲ್ಲಿ ಒಂದೇ ಚಾನೆಲ್‌ನಲ್ಲಿ ಕೆಲಸ ಮಾಡುವುದರಿಂದ, ಅದರಿಂದ ಹೊರಡುವ ಎಲ್ಲ ಜಾಲಗಳೂ ಅನಿವಾರ್ಯವಾಗಿ ಅದೇ ಚಾನೆಲ್‌ನಲ್ಲಿರುತ್ತವೆ. ನಮ್ಮ 5 ಗಿಗಾಹರ್ಟ್ಸ್ ಜಾಲ ಚಾನೆಲ್ 44ರಲ್ಲಿತ್ತು, 62ರಿಂದ ಆರಂಭವಾಗುವ ಎರಡು ಗುಪ್ತ ಜಾಲಗಳೂ ಅಲ್ಲೇ ಇದ್ದವು. ಸೆಟ್ಟಿಂಗ್ಸ್‌ನಲ್ಲಿ 149 ಎಂದು ಬದಲಿಸಿದೆ. ತುಸು ಹೊತ್ತಿನಲ್ಲಿ ಅವೆರಡೂ 149ಕ್ಕೆ ಬಂದು ನಿಂತವು. 2.4 ಗಿಗಾಹರ್ಟ್ಸ್‌ನಲ್ಲಿ 6ರಿಂದ 1ಕ್ಕೆ ಹೋದಾಗ 66ರದ್ದೂ ಹಿಂಬಾಲಿಸಿತು. ಮೇಲಿನ ಮನೆಯವರ ರೂಟರ್ ನನ್ನ ಮಾತು ಕೇಳಿ ಚಾನೆಲ್ ಬದಲಿಸುವುದಿಲ್ಲವಲ್ಲ!

ಆಮೇಲೆ ರೂಟರ್ ಆಫ್ ಮಾಡಿಯೂ ನೋಡಿದೆ. ಆಗ 62ರ ಎರಡರಲ್ಲಿ ಒಂದು, ಮತ್ತು 66ರದ್ದು ಮಾಯವಾದವು. 62ರ ಇನ್ನೊಂದು ಹಾಗೆಯೇ ಉಳಿಯಿತು. ಚಾನೆಲ್ ಪರೀಕ್ಷೆ ಮಾಡದೆ ಇದನ್ನಷ್ಟೇ ನೋಡಿದವರು, ಮನೆಯಲ್ಲಿ ಯಾರೋ ಏನನ್ನೋ ಅಡಗಿಸಿಟ್ಟಿದ್ದಾರೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಫೋನು ಹಿಡಿದು ಮಲಗುವ ಕೋಣೆಗೆ ಹೋದಂತೆ ಅದರ ಬಲ ಮೈನಸ್ 60ರಿಂದ ಮೈನಸ್ 35ಕ್ಕೆ ಏರಿತು. ಅಲ್ಲಿದ್ದದ್ದು ಮನೆಯೆಲ್ಲ ವೈಫೈ ಹರಡಲು ರೂಟರ್‌ನ ಜೊತೆ ಇಡುವ ಮೆಶ್ ವ್ಯವಸ್ಥೆಯ ಎರಡನೆಯ ಪೆಟ್ಟಿಗೆ. ಮುಖ್ಯ ರೂಟರ್ ಆಫ್ ಆದರೂ ಅದಕ್ಕೆ ಪ್ರತ್ಯೇಕ ಪ್ಲಗ್ ಇದ್ದುದರಿಂದ ಅದು ತನ್ನ ಪಾಡಿಗೆ ಪ್ರಸಾರ ಮಾಡುತ್ತಲೇ ಇತ್ತು.

ಹೀಗೆ 62ರ ಜೋಡಿಯ ಗುಟ್ಟು ತಿಳಿಯಿತು. ಮೆಶ್ ಪೆಟ್ಟಿಗೆಗಳು ತಮ್ಮ ನಡುವೆ ಮಾಹಿತಿ ಸಾಗಿಸಲು ‘ಬ್ಯಾಕ್‌ಹಾಲ್’ ಎಂಬ ಪ್ರತ್ಯೇಕ ಜಾಲವನ್ನು ಕಟ್ಟಿಕೊಳ್ಳುವುದುಂಟು, ಅದಕ್ಕಾಗಿ ಒಂದೇ ಚಾನೆಲ್‌ನಲ್ಲಿ ಇರಬೇಕಾದ್ದರಿಂದಲೇ ಎರಡನೆಯ ಪೆಟ್ಟಿಗೆಯೂ ರೂಟರ್‌ನ ಹಿಂದೆ 149ಕ್ಕೆ ಹೋಗಿತ್ತು; ಮನೆಯವರು ತಪ್ಪಿ ಆ ಜಾಲಕ್ಕೆ ಸೇರಲು ಹೋಗದಿರಲಿ ಎಂದು ಹೆಸರನ್ನು ಮರೆಮಾಡಿರುತ್ತಾರೆ. ಹಾಲ್‌ನಿಂದ ಆ ಕೋಣೆಗೆ ಈಥರ್ನೆಟ್ ಕೇಬಲ್ ಎಳೆಸಿ, ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಬ್ಯಾಕ್‌ಹಾಲ್ ಆಫ್ ಮಾಡಿದ ಮೇಲೆ ಎರಡೂ ಹೋದವು. ವೇಗವೂ ಸುಧಾರಿಸಿತು ಎಂಬುದು ಬೇರೆ ಲಾಭ. ಈ ಆಯ್ಕೆ ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ; ಇಲ್ಲದಿದ್ದರೆ ಅದನ್ನು ಹಾಗೆಯೇ ಬಿಡುವುದರಲ್ಲಿ ಅಪಾಯವೇನೂ ಇಲ್ಲ.

66ರದ್ದು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಕಂಪನಿ ಕೊಡುವ ರೂಟರ್‌ಗಳಲ್ಲಿ ನಮಗೆ ಸಿಗುವ ಲಾಗಿನ್ ಎಲ್ಲ ಪುಟಗಳನ್ನೂ ತೋರಿಸುವುದಿಲ್ಲ. ಉಳಿದದ್ದನ್ನು ಅವರು ಟಿಆರ್-069 ಎಂಬ ವ್ಯವಸ್ಥೆಯ ಮೂಲಕ ದೂರದಿಂದಲೇ ನಿರ್ವಹಿಸುತ್ತಾರೆ. ಈ ಸಲ ಕರೆ ಮಾಡಿದಾಗ ‘ಏನೋ ಕಾಣುತ್ತಿದೆ’ ಎನ್ನುವ ಬದಲು ವಿಳಾಸ, ಚಾನೆಲ್ ಮತ್ತು ಪರೀಕ್ಷೆಯ ವಿವರವನ್ನು ಕೊಟ್ಟೆ. ಕರೆ ತಾಂತ್ರಿಕ ವಿಭಾಗಕ್ಕೆ ಹೋಯಿತು. ‘ಸರ್, ಅದು ಟಿವಿ ಸೆಟ್‌ಟಾಪ್ ಬಾಕ್ಸ್‌ಗೆ ಅಂತ ಇಟ್ಟಿರೋದು, ನಿಮ್ಮ ಹತ್ರ ಬಾಕ್ಸ್ ಇಲ್ವಲ್ಲ, ತೆಗೀಲಾ?’ ಎಂದು ಕೇಳಿದ ಹುಡುಗ ಫೋನ್ ಇಡುವ ಮೊದಲೇ ಅದನ್ನು ಆಫ್ ಮಾಡಿದ.

ಬಳಸದ ಜಾಲವನ್ನು ತೆಗೆಸುವುದು ಸುಮ್ಮನೆ ಹಟಕ್ಕಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಬೀಕನ್‌ಗಳು ಹಲವು ರೂಟರ್‌ಗಳಲ್ಲಿ ಸೆಕೆಂಡಿಗೆ 1 ಮೆಗಾಬಿಟ್‌ನ ಅತಿ ನಿಧಾನ ವೇಗದಲ್ಲಿ ಹೋಗುತ್ತವೆ. 300 ಬೈಟ್‌ನ ಒಂದು ಬೀಕನ್‌ಗೆ ಸುಮಾರು 2.5 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಹತ್ತು ಎಂದರೆ, ಯಾರೂ ಬಳಸದಿದ್ದರೂ ಆ ಚಾನೆಲ್‌ನ ಸಮಯದಲ್ಲಿ ಶೇ. 2.5ರಷ್ಟು ಅದಕ್ಕೇ ಮೀಸಲು. ಅಪಾರ್ಟ್‌ಮೆಂಟಿನ ಪ್ರತಿ ಮನೆಯಲ್ಲೂ ಇಂಥದ್ದೊಂದು ಇದ್ದರೆ ಕಿಕ್ಕಿರಿದ 2.4ರ ಗತಿಯೇನು ಎಂದು ಯೋಚಿಸಿ.

ಇದನ್ನೆಲ್ಲ ನೋಡಿ ತಮ್ಮ ಜಾಲವನ್ನೂ ಗುಪ್ತವಾಗಿಡೋಣ ಎಂದುಕೊಳ್ಳುವವರು ಆ ಯೋಚನೆ ಬಿಡುವುದು ಒಳ್ಳೆಯದು. ಹೆಸರು ಮರೆಮಾಡಿದ ಜಾಲಕ್ಕೆ ಸೇರಬೇಕಾದ ಫೋನು ಆ ಹೆಸರನ್ನು ತಾನೇ ಕೂಗಿ ಕೇಳಬೇಕಾಗುತ್ತದೆ, ಅದನ್ನು ಹತ್ತಿರದಲ್ಲಿರುವ ಯಾರು ಬೇಕಾದರೂ ಓದಬಹುದು. ನಾನು ಹೆಸರನ್ನು ತೆರೆದೇ ಇಟ್ಟು, ಪಾಸ್‌ವರ್ಡನ್ನು ಉದ್ದವಾಗಿಸಿ, ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಸಾಧನಗಳನ್ನು ಸೇರಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ಆಫ್ ಮಾಡಿದ್ದೇನೆ. ಬಾಲ್ಕನಿಯ ಕಡೆಯ ಆ ನಾಲ್ಕನೆಯ ಜಾಲ ಪಟ್ಟಿಯಲ್ಲಿ ಈಗಲೂ ಇದೆ, ಚಾನೆಲ್ 11ರಲ್ಲಿ.