ಹನ್ನೆರಡು ದಿನಕ್ಕೆ ಏಳು ದೇಶ ಬೇಡ, ಒಂದು ರೈಲು ದಾರಿ ಸಾಕು

ನಮ್ಮ ಅಪಾರ್ಟ್‌ಮೆಂಟಲ್ಲಿ ಯುರೋಪ್ ಟೂರ್ ಮುಗಿಸ್ಕೊಂಡು ಬಂದವರನ್ನ ಯಾವ ಊರು ಚೆನ್ನಾಗಿತ್ತು ಅಂತ ಕೇಳಿದ್ರೆ ಯಜಮಾನರು ಒಂದು ಹೆಸರು ಹೇಳ್ತಾರೆ, ಅವರ ಹೆಂಡತಿ "ಅಯ್ಯೋ ಅದಲ್ಲಾರೀ, ಅಲ್ಲಿ ಬರೀ ಟಾಯ್ಲೆಟ್‌ಗೆ ನಿಲ್ಲಿಸಿದ್ದು" ಅಂತಾರೆ. ಪ್ಯಾಕೇಜ್ ಬೇಡ ಅಂತ ಸ್ವಂತ ಹೊರಡೋರೂ ಇದೇ ತಪ್ಪು ಮಾಡೋದು ನೋಡಿ ನೋಡಿ ಸಾಕಾಗಿದೆ. ಟಿಕೆಟ್ ತಾವೇ ಬುಕ್ ಮಾಡಿರ್ತಾರೆ, ಆದ್ರೆ ಲಿಸ್ಟ್ ಮಾತ್ರ ಅದೇ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ಅದಕ್ಕೇ ನಾನು ಓಡಾಡಿದ ಒಂದು ಮೂಲೆ ಹೇಳ್ತೀನಿ, ಸ್ಲೊವೇನಿಯಾ ಮತ್ತೆ ಅದಕ್ಕೆ ಅಂಟಿಕೊಂಡಿರೋ ಇಟಲಿಯ ತ್ರಿಯೆಸ್ತೆ.

ಹೆಜ್ಜೆ 1: ರಾತ್ರಿಗಳನ್ನ ಎಣಿಸಿ

ಊರುಗಳನ್ನಲ್ಲ, ರಾತ್ರಿಗಳನ್ನ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾ ನಾಲ್ಕು, ಬೋಹಿನ್ ಅನ್ನೋ ಸರೋವರದ ಹತ್ತಿರ ಮೂರು, ತ್ರಿಯೆಸ್ತೆ ನಾಲ್ಕು. ಇಡೀ ಸ್ಲೊವೇನಿಯಾ ನಮ್ಮ ಕರ್ನಾಟಕದ ಹತ್ತನೇ ಒಂದು ಭಾಗದಷ್ಟಿದೆ ಅಷ್ಟೇ, ಆದ್ರೂ ಒಂದೊಂದೇ ದಿನಕ್ಕೆ ಮುಗಿಸೋಕೆ ಹೋಗ್ಬೇಡಿ, ಲಗೇಜ್ ಕಟ್ಟೋದ್ರಲ್ಲೇ ಬೆಳಗ್ಗೆ ಕಳೆದುಹೋಗುತ್ತೆ. ಹೋಗೋವಾಗ ಮ್ಯೂನಿಕ್ ಇಲ್ಲಾ ವಿಯೆನ್ನಾದಲ್ಲಿ ಇಳಿದ್ರೆ ಅಲ್ಲಿಂದ ಲ್ಯುಬ್ಲಿಯಾನಾಗೆ ರೈಲಲ್ಲಿ ಆರು ಗಂಟೆ ಆಸುಪಾಸು, ವಾಪಸ್ ವೆನಿಸಿಂದ ಹತ್ತಿ. ಹೋಗಿದ್ದ ದಾರೀಲೇ ಹಿಂದೆ ಬರೋದು ದಂಡ.

ಹೆಜ್ಜೆ 2: ವೀಸಾ

ಎರಡೂ ಶೆಂಗನ್ ದೇಶಗಳೇ, ಒಂದೇ ವೀಸಾ ಸಾಕು. ಜಾಸ್ತಿ ದಿನ ಎಲ್ಲಿರ್ತೀರೋ ಆ ದೇಶಕ್ಕೆ ಅರ್ಜಿ, ಸಮ ಇದ್ರೆ ಮೊದಲು ಕಾಲಿಡೋ ದೇಶಕ್ಕೆ. ಇಲ್ಲಿ ಏಳು ರಾತ್ರಿ ಸ್ಲೊವೇನಿಯಾ, ನಾಲ್ಕು ಇಟಲಿ, ಹಾಗಾಗಿ ಸ್ಲೊವೇನಿಯಾ. ಫೀಸು 90 ಯೂರೋ, ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಅರ್ಜಿಯನ್ನ ಆರು ತಿಂಗಳು ಮುಂಚೆಯಿಂದಲೇ ಹಾಕಬಹುದು, ಕೊನೇ ಗಳಿಗೆಗೆ ಇಟ್ಕೋಬೇಡಿ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೆ ಅಂತ ಯಾವುದೋ ದೇಶಕ್ಕೆ ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ ವೀಸಾ ತಗೊಳ್ಳೋ ಶಾರ್ಟ್‌ಕಟ್ ಹೇಳೋ ಏಜೆಂಟರು ಇದ್ದಾರೆ, ಅವರ ಮಾತು ಕೇಳ್ಬೇಡಿ.

ಹೆಜ್ಜೆ 3: ಲ್ಯುಬ್ಲಿಯಾನಾ

ನಡೀರಿ. ಊರ ಮಧ್ಯೆ ಕಾರ್ ಬಿಡಲ್ಲ. ಹೊಳೆ ಮೇಲಿನ ಮೂರು ಸೇತುವೆ, ಪಕ್ಕದ ಮಾರ್ಕೆಟ್ಟು, ದೊಡ್ಡ ಲೈಬ್ರರಿ, ಎಲ್ಲಾ ಯೋಜೆ ಪ್ಲೆಚ್ನಿಕ್ ಅನ್ನೋ ಒಬ್ಬನೇ ಆರ್ಕಿಟೆಕ್ಟ್‌ನ ಕೈಚಳಕ, ಅವನು ಈ ಊರಲ್ಲಿ ಮಾಡಿದ ಕೆಲಸಕ್ಕೆ 2021ರಲ್ಲಿ ಯುನೆಸ್ಕೋ ಪಟ್ಟ ಸಿಕ್ತು.

ಒಂದು ದಿನ ಮಾತ್ರ ರೈಲು ಹತ್ತಿ ಡಿವಾಚಾಗೆ ಹೋಗಿ ಶ್ಕೋಟ್ಸಿಯನ್ ಗುಹೆ ನೋಡಿ. ಎಲ್ಲರೂ ಪೋಸ್ಟೋಯ್ನಾ ಗುಹೆಗೇ ಹೋಗ್ತಾರೆ, ಅಲ್ಲಿ ಒಳಗೇ ಪುಟಾಣಿ ರೈಲಿದೆ, ಮಕ್ಕಳಿದ್ರೆ ಸರಿ. ನನ್ನ ಓಟು ಶ್ಕೋಟ್ಸಿಯನ್‌ಗೇ. ಸ್ಟೇಷನ್ನಿಂದ ಮೂರು ಕಿಲೋಮೀಟರ್ ನಡಿಗೆ, ಗೈಡ್ ಜೊತೆ ಮಾತ್ರ ಒಳಗೆ ಬಿಡ್ತಾರೆ, ಫೋಟೋ ತೆಗೆಯೋ ಹಾಗಿಲ್ಲ. ಕತ್ತಲಲ್ಲಿ ಸೇತುವೆ ಮೇಲೆ ನಿಂತು ಕೆಳಗೆ ನೋಡಿದ್ರೆ ನಲವತ್ತು ಮೀಟರಿಗೂ ಜಾಸ್ತಿ ಆಳದಲ್ಲಿ ರೇಕಾ ನದಿ ಹರೀತಿರೋ ಸದ್ದು, ನನಗಂತೂ ಕಂಬಿ ಬಿಡೋಕೇ ಮನಸ್ಸಾಗ್ಲಿಲ್ಲ. ಬೇಸಿಗೆಯಲ್ಲೂ ಒಳಗೆ ಚಳಿ, ಸ್ವೆಟರ್ ಒಯ್ಯಿರಿ.

ಹೆಜ್ಜೆ 4: ಬೋಹಿನ್ ರೈಲು (ಇಲ್ಲೇ ಎಲ್ಲರೂ ಎಡವೋದು)

ಬ್ಲೆಡ್ ಸರೋವರದ ಫೋಟೋ ಎಲ್ಲರೂ ನೋಡಿರ್ತೀರಿ, ನಡುವೆ ದ್ವೀಪ, ಅದರ ಮೇಲೊಂದು ಚರ್ಚ್. ಬ್ಲೆಡ್‌ಗೆ ಸ್ಟೇಷನ್ ಎರಡು. ಲ್ಯುಬ್ಲಿಯಾನಾದಿಂದ ನೇರ ಸಿಗೋದು ಲೆಸ್ಟ್ಸೆ-ಬ್ಲೆಡ್, ಅದು ಸರೋವರದಿಂದ ನಾಲ್ಕು ಕಿಲೋಮೀಟರ್ ದೂರ, ಬಸ್ ಹಿಡೀಬೇಕು. ನಾನು ಬ್ಲೆಡ್ ಅಂತ ಬೋರ್ಡ್ ಕಂಡಿದ್ದೇ ಇಳಿದುಬಿಟ್ಟೆ, ಬಸ್ ಆಗಷ್ಟೇ ಹೋಗಿತ್ತು, ಮಳೆ ಬೇರೆ, ಆಫರ್‌ನಲ್ಲಿ ತಗೊಂಡಿದ್ದ ಸೂಟ್‌ಕೇಸಿನ ಒಂದು ಚಕ್ರ ಅರ್ಧ ದಾರೀಲಿ ಕಿತ್ಕೊಂಡು ಬಂತು. ಚಕ್ರ ಇಲ್ಲದ ಬ್ಯಾಕ್‌ಪ್ಯಾಕೇ ಒಳ್ಳೇದು, ಇದರಲ್ಲಿ ಚರ್ಚೆ ಇಲ್ಲ. ಇನ್ನೊಂದು ಸ್ಟೇಷನ್ ಬ್ಲೆಡ್ ಯೆಜೆರೊ, ಯೆಜೆರೊ ಅಂದ್ರೇನೇ ಸರೋವರ. ಅದಕ್ಕೆ ಯೆಸೆನಿತ್ಸೆಯಲ್ಲಿ ರೈಲು ಬದಲಾಯಿಸಬೇಕು, ಇಳಿದ್ರೆ ನೀರಿನ ದಂಡೆಗೆ ಸ್ವಲ್ಪ ಇಳಿಜಾರಲ್ಲಿ ನಡಿಗೆ ಅಷ್ಟೇ.

ಬ್ಲೆಡ್‌ನಲ್ಲಿ ಒಂದು ಸುತ್ತು ಹಾಕಿ, ಕ್ರೆಮ್‌ಶ್ನಿತಾ ಅನ್ನೋ ಒಂದು ಕ್ರೀಮ್ ಕೇಕ್ ತಿನ್ನಿ (ಮೊಟ್ಟೆ ಇರುತ್ತೆ), ಉಳ್ಕೋಬೇಡಿ, ಜಾತ್ರೆ ಜನ. ಅದೇ ಲೈನಲ್ಲಿ ಮುಂದೆ ಬೋಹಿನ್ಸ್ಕಾ ಬಿಸ್ತ್ರಿತ್ಸಾಗೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಬೋಹಿನ್ ಸರೋವರ. ಅಲ್ಲಿ ಮೂರು ದಿನ ಸುಮ್ನಿರಿ.

ಆಮೇಲೆ ಬಿಸ್ತ್ರಿತ್ಸಾದಿಂದ ದಕ್ಷಿಣಕ್ಕೆ ಹೊರಡೋದಿದೆಯಲ್ಲ, ಅದನ್ನ ಬೆಳಕಿದ್ದಾಗಲೇ ಇಟ್ಕೊಳ್ಳಿ. ದಿನಕ್ಕೆ ಕೆಲವೇ ರೈಲು, ಹಳಿ ರಿಪೇರಿ ಇದ್ರೆ ನಡುವೆ ಬಸ್ ಹಾಕ್ತಾರೆ, ಅದಕ್ಕೇ ಹಿಂದಿನ ರಾತ್ರಿ ಸ್ಲೊವೇನಿಯಾ ರೈಲ್ವೆ ಸೈಟಲ್ಲಿ ಟೈಮ್ ಇನ್ನೊಂದ್ಸಲ ನೋಡ್ಕೊಂಡು ಮಲಗಿ. ಹೊರಟ ತಕ್ಷಣ ಆರು ಕಿಲೋಮೀಟರ್‌ಗಿಂತ ಉದ್ದದ ಸುರಂಗ. ರಸ್ತೆ ಸುತ್ತು ಬಳಸು ಅಂತ ಕಾರುಗಳನ್ನೂ ರೈಲಿಗೇ ಹತ್ತಿಸಿ ಸುರಂಗ ದಾಟಿಸ್ತಾರೆ. ಮುಂದೆ ಸೋಚಾ ನದಿ ಸಿಗುತ್ತೆ, ಪಚ್ಚೆ ಕಲ್ಲು ಕರಗಿಸಿ ಬಿಟ್ಟ ಹಾಗೆ ನೀರು. ಕೊನೇಗೆ ಸೋಲ್ಕಾನ್ ಸೇತುವೆ. ಕಲ್ಲಿನ ರೈಲು ಸೇತುವೆಗಳಲ್ಲಿ ಜಗತ್ತಿನ ಅತಿ ದೊಡ್ಡ ಕಮಾನು ಇದರದ್ದೇ, 85 ಮೀಟರ್. 1906ರಲ್ಲಿ ಲೈನ್ ಶುರುವಾದ ಹತ್ತೇ ವರ್ಷಕ್ಕೆ ಯುದ್ಧದಲ್ಲಿ ಸಿಡಿಸಿದ್ರು, ಆಮೇಲೆ ಮತ್ತೆ ಕಟ್ಟಿದ್ದು. ಒಳಗೆ ಕೂತೋರಿಗೆ ಕಮಾನು ಕಾಣಲ್ಲ, ಹಾಗಾಗಿ ಸೋಲ್ಕಾನಲ್ಲಿ ಇಳಿದು ಹಿಂದಕ್ಕೆ ನಡೆದು ನೋಡೋದೇ ಸರಿ.

ಲೈನ್ ನೋವಾ ಗೊರಿತ್ಸಾಗೆ ಬರುತ್ತೆ. ಸ್ಟೇಷನ್ ಬಾಗಿಲು ದಾಟಿದ್ರೆ ಎದುರಿಗೆ ಒಂದು ಚೌಕ, ಅದರ ಅರ್ಧ ಸ್ಲೊವೇನಿಯಾ ಅರ್ಧ ಇಟಲಿ. 1947ರಲ್ಲಿ ಹಳೇ ಊರು ಗೊರಿತ್ಸಿಯಾ ಇಟಲಿಗೆ ಹೋಯ್ತು, ಈ ಸ್ಟೇಷನ್ ಯುಗೊಸ್ಲಾವಿಯಾಕ್ಕೆ ಬಂತು (ಆಗ ಸ್ಲೊವೇನಿಯಾ ಅದರ ಭಾಗ), ಅವರು ಪಕ್ಕದಲ್ಲೇ ಹೊಸ ಊರು ಕಟ್ಟಿಕೊಂಡ್ರು. ಚೌಕದ ಬೇಲಿ ಕಿತ್ತಿದ್ದು 2004ರಲ್ಲಿ. ಈಗ ನಡ್ಕೊಂಡೇ ದಾಟಬಹುದು. ಪಾಸ್‌ಪೋರ್ಟ್ ಮಾತ್ರ ಕೈಗೆ ಸಿಗೋ ಹಾಗಿರಲಿ, 2023ರ ಅಕ್ಟೋಬರಿಂದ ಇಟಲಿ ಈ ಗಡಿಯಲ್ಲಿ ಮತ್ತೆ ಚೆಕಿಂಗ್ ಶುರು ಮಾಡಿದೆ. ಇಟಲಿ ಕಡೆಯ ಸ್ಟೇಷನ್ ಊರಿನ ಆ ತುದಿಗೆ, ಮುಕ್ಕಾಲು ಗಂಟೆ ನಡಿಗೆ ಅಂದ್ಕೊಳ್ಳಿ. ಅಲ್ಲಿಂದ ತ್ರಿಯೆಸ್ತೆಗೆ ಒಂದು ಗಂಟೆಯೊಳಗೆ. ಕಾಗದದ ಟಿಕೆಟ್ ತಗೊಂಡ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮಿನ ಮಷೀನಿಗೆ ತೂರಿಸಿ ಮುದ್ರೆ ಒತ್ತಿಸ್ಕೊಳ್ಳಿ, ಇಲ್ಲಾಂದ್ರೆ ಟಿಕೆಟ್ ಇದ್ದೂ ಫೈನ್ ಕಟ್ಟಬೇಕಾಗುತ್ತೆ.

ದುಡ್ಡಿನ ವಿಷಯ ಮರೆತಿದ್ದೆ. ಎಟಿಎಮ್ಮು "ರೂಪಾಯಲ್ಲಿ ಕಟ್ ಮಾಡ್ಲಾ, ಯೂರೋದಲ್ಲಾ" ಅಂತ ಕೇಳಿದ್ರೆ ಯೂರೋ ಒತ್ತಿ. ರೂಪಾಯಿ ಒತ್ತಿದ್ರೆ ಅವರು ಹೇಳಿದ್ದೇ ರೇಟು.

ಹೆಜ್ಜೆ 5: ತ್ರಿಯೆಸ್ತೆ

ಸಸ್ಯಾಹಾರಿಗಳಿಗೊಂದು ಮಾತು. ಯೋಟಾ ಅಂತ ಬೀನ್ಸ್, ಹುಳಿ ಎಲೆಕೋಸಿನ ಸೂಪು ಕೊಡ್ತಾರೆ, ನೋಡೋಕೆ ನಮ್ಮ ಕಾಳಿನ ಹುಳಿ ಥರ, ಸಾಮಾನ್ಯವಾಗಿ ಹಂದಿಮಾಂಸ ಹಾಕಿರ್ತಾರೆ, ಕೇಳಿಯೇ ತಿನ್ನಿ. ಶ್ಕೋಟ್ಸಿಯನ್‌ನಲ್ಲಿ ನೆಲದೊಳಗೆ ಇಳಿದ ರೇಕಾ ಮತ್ತೆ ಮೇಲೆ ಬರೋದು ಈ ಊರಿನ ಹತ್ತಿರ ದುಯಿನೋ ಕಡೆ, ಅಲ್ಲಿ ಅದರ ಹೆಸರು ತಿಮಾವೋ, ಒಂದು ಮಧ್ಯಾಹ್ನ ಬಸ್ಸಲ್ಲಿ ಹೋಗಿ ಬನ್ನಿ.

ಇನ್ನು ಕಾಫಿ. ನಮ್ಮ ದೇಶದ ಕಾಫಿಯನ್ನ ಅತಿ ಹೆಚ್ಚು ಕೊಳ್ಳೋದು ಇಟಲಿ, ಹಾಗಾಗಿ ನೀವು ಕುಡಿಯೋದ್ರಲ್ಲಿ ಕೊಡಗಿನ ಬೀಜ ಇದ್ರೂ ಇರಬಹುದು. ಆದ್ರೆ ಇಲ್ಲಿ ಕೇಳೋ ರೀತಿ ಉಳಿದ ಇಟಲಿ ಥರ ಅಲ್ಲ. ಬರೀ ಡಿಕಾಕ್ಷನ್ ಥರದ್ದು ಬೇಕಂದ್ರೆ "ನೇರೋ", ಮೇಲೆ ಒಂಚೂರು ಹಾಲು ಬೇಕಂದ್ರೆ "ಕಾಪೋ", ಅದೇ ಪುಟ್ಟ ಗಾಜಿನ ಲೋಟದಲ್ಲಿ ಬೇಕಂದ್ರೆ "ಕಾಪೋ ಇನ್ ಬಿ". ಮೂರನೇದು ಕೇಳಿ, ನಿಂತೇ ಕುಡೀರಿ, ಸುಮಾರು ಕಡೆ ಕೂತ್ರೆ ರೇಟು ಬೇರೆ.