ಮೆಲ್ಬರ್ನ್‌ನ ಗುಡುಗು ಮಳೆಗೆ ಮುನ್ನ ಅಸ್ತಮಾ ಪಫರ್ ಸಿದ್ಧವಿರಲಿ

ಮೆಲ್ಬರ್ನ್‌ನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಲ್ಲಿನ ಪರಾಗದ ಕಾಲ. ಗಾಳಿಯಲ್ಲಿ ರೈ ಹುಲ್ಲಿನ ಪರಾಗ ತುಂಬಿರುವ ದಿನ ಗುಡುಗು ಮಳೆ ಬಂದರೆ, ಕಣಗಳು ತೇವಕ್ಕೆ ಒಡೆದು ಚೂರಾಗಿ, ಮಳೆಗೆ ಮುಂಚೆ ನುಗ್ಗುವ ತಂಗಾಳಿಯೊಂದಿಗೆ ನೆಲಮಟ್ಟಕ್ಕೆ ಇಳಿಯುತ್ತವೆ. ಒಡೆಯದ ಪರಾಗ ಕಣ ಹೆಚ್ಚಾಗಿ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಚೂರುಗಳು ಶ್ವಾಸಕೋಶದ ಆಳಕ್ಕೆ ಹೋಗಿ ಅಸ್ತಮಾ ದಾಳಿ ತರುತ್ತವೆ. 2016ರ ನವೆಂಬರ್ 21ರ ಸಂಜೆ ಹೀಗಾಗಿಯೇ ಸಾವಿರಾರು ಜನ ಆಸ್ಪತ್ರೆಗೆ ಧಾವಿಸಿದರು, 10 ಮಂದಿ ತೀರಿಕೊಂಡರು.

‘ನನಗೆ ಅಸ್ತಮಾ ಇಲ್ಲ’ ಎಂಬ ಧೈರ್ಯ ಬೇಡ. ಅಂದು ಉಸಿರುಕಟ್ಟಿದ ಹಲವರಿಗೆ ಅದುವರೆಗೆ ಇದ್ದದ್ದು ವಸಂತದ ಸೀನು, ಸೋರುವ ಮೂಗು, ಕಣ್ಣುರಿ ಮಾತ್ರ. ಅವರಲ್ಲಿ ಭಾರತೀಯ ಮೂಲದವರು ಬಹಳ ಮಂದಿ. ಊರಿಂದ ಬಂದು ಕೆಲವು ವರ್ಷ ಕಳೆದ ಮೇಲೆ ಈ ಅಲರ್ಜಿ ಶುರುವಾಗುವುದುಂಟು.

ಆಗಸ್ಟ್‌ನಲ್ಲೇ ವೈದ್ಯರನ್ನು ಕಾಣಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನು ಪರಾಗದ ಕಾಲಕ್ಕೆ ಸುಮಾರು 6 ವಾರ ಮೊದಲೇ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಸ್ತಮಾ ಇದ್ದವರು ವೈದ್ಯರು ಬರೆದುಕೊಟ್ಟ ಪ್ರಿವೆಂಟರ್ ಅನ್ನು (ದಾಳಿ ಬಾರದಂತೆ ತಡೆಯುವ ಇನ್‌ಹೇಲರ್), ಆರಾಮವಾಗಿದ್ದರೂ, ದಿನವೂ ತೆಗೆದುಕೊಳ್ಳಬೇಕು. ಅಲರ್ಜಿ ಮಾತ್ರೆ ಸೀನು ನಿಲ್ಲಿಸೀತು, ಅಸ್ತಮಾ ದಾಳಿಯನ್ನು ತಡೆಯದು. ದಾಳಿಯ ಹೊತ್ತಿಗೆ ಉಸಿರುನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಪಫರ್ (ಇನ್‌ಹೇಲರ್) ಅಲ್ಲಿನ ಫಾರ್ಮಸಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಸ್ಪೇಸರ್ (ಪಫರ್‌ಗೆ ಸಿಕ್ಕಿಸಿ ಉಸಿರೆಳೆಯುವ ಕೊಳವೆ) ಜೊತೆಗೆ ಕೊಳ್ಳಿ, ಅವಧಿ ಮುಗಿಯುವ ದಿನಾಂಕ ನೋಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಸ್ಪೇಸರನ್ನು ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಹಾಗೇ ಒಣಗಿಸಿ. ಒರೆಸಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಒಳಗೋಡೆಗೇ ಅಂಟುತ್ತದೆ.

ಸೀಸನ್ನಿನಲ್ಲಿ ವಿಕ್ಟೋರಿಯಾ ರಾಜ್ಯದ ತುರ್ತು ಸೂಚನೆಗಳ ವಿಕ್‌ಎಮರ್ಜೆನ್ಸಿ ಆ್ಯಪ್‌ನ ಮುನ್ನೆಚ್ಚರಿಕೆ ನೋಡುತ್ತಿರಿ. ಅಪಾಯದ ದಿನ ಮಳೆ ಬೀಳಲೆಂದು ಕಾಯಬೇಡಿ, ಗಾಳಿ ಏಳುವ ಮೊದಲೇ ಒಳಗಿರಿ. ಕಿಟಕಿ ಬಾಗಿಲು ಮುಚ್ಚಿ. ಹೊರಗಾಳಿ ಎಳೆಯುವ ಇವ್ಯಾಪರೇಟಿವ್ ಕೂಲರ್ ಬಂದ್ ಮಾಡಿ; ಅಲ್ಲಿನ ಅನೇಕ ಮನೆಗಳಲ್ಲಿ ಇದೇ ಇರುವುದು, ಹಾಗಾಗಿ ಇದನ್ನೇ ಮರೆಯುತ್ತಾರೆ. ಕಾರಿನ ಎಸಿಯನ್ನು ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್‌ಗೆ ಹಾಕಿ.

ಎದೆ ಬಿಗಿದು ಸುಂಯ್ ಎನ್ನತೊಡಗಿದರೆ ನೆಟ್ಟಗೆ ಕೂರಿಸಿ. ಪಫರ್ ಕುಲುಕಿ, ಸ್ಪೇಸರ್‌ಗೆ ಒಂದೇ ಪಫ್ ಹಾಕಿ, 4 ಸಲ ಉಸಿರಾಡಿಸಿ. ಹೀಗೆ ಒಟ್ಟು 4 ಪಫ್. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ಔಷಧ ಸರಿಯಾಗಿ ಒಳಹೋಗದು. 4 ನಿಮಿಷ ಕಾದು, ಕಡಿಮೆಯಾಗದಿದ್ದರೆ ಇನ್ನೂ 4 ಪಫ್ ಕೊಡಿ. ಆಗಲೂ ಸುಧಾರಿಸದಿದ್ದರೆ ಅಲ್ಲಿನ ತುರ್ತು ಸಂಖ್ಯೆ 000ಗೆ ಕರೆಮಾಡಿ, ಆಂಬ್ಯುಲೆನ್ಸ್ ಬರುವವರೆಗೆ 4 ನಿಮಿಷಕ್ಕೊಮ್ಮೆ 4 ಪಫ್ ಕೊಡುತ್ತಿರಿ. ಮಾತು ಪೂರ್ತಿ ಹೊರಡದಿದ್ದರೆ, ತುಟಿ ನೀಲಿಗಟ್ಟಿದರೆ ಕಾಯುವುದೇ ಬೇಡ: ಮೊದಲು 000.