ಬಟ್ಟಲು ಕಡೆಯುವ ಗೌಜ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ಬೀದಿಯಲ್ಲಿ ಮಳೆಮರದ ಕೊಂಬೆ ಬಿದ್ದರೆ, ಅದರ ದಪ್ಪ ತುಂಡಿನಲ್ಲಿ ಒಂದು ಬಟ್ಟಲನ್ನು ಕಾಣುವ ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ಮನೆಗೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಅಂದರೆ ಚಿಕ್ಕ ಲೇತ್, ಬಂದ ಮೇಲೆ ಎದುರಾಗುವ ಪ್ರಶ್ನೆ ಉಳಿಯದು. ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟ ಎಂಟು ಉಳಿಗಳ ಸೆಟ್. ನಾನು ಮೊದಲು ಕೊಂಡದ್ದೂ ಅದನ್ನೇ. ಎರಡು ವರ್ಷದಲ್ಲಿ ಅದರಲ್ಲಿ ಕೈಗೆತ್ತಿಕೊಂಡದ್ದು ಮೂರನ್ನು ಮಾತ್ರ. ಬಟ್ಟಲಿನ ಒಳಮೈ ತೆಗೆಯಲು ಆಗುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಗೌಜ್ ಎಂದರೆ ಉದ್ದಕ್ಕೂ ಕಾಲುವೆಯಂತೆ ತೋಡು ಇರುವ ಉಳಿ. ಅದರ ಬಾಯಿಯ ಆಕಾರ ಹಿಡಿಸದಿದ್ದರೆ ಸಾಣೆಯಲ್ಲಿ ಬದಲಿಸಿಕೊಳ್ಳಬಹುದು. ಹಿಡಿ ಸರಿಯಿಲ್ಲದಿದ್ದರೆ ಬೇರೆ ಹಾಕಬಹುದು. ಉಕ್ಕನ್ನೂ ತೋಡನ್ನೂ ಮಾತ್ರ ಬದಲಿಸಲಾಗದು. ದುಡ್ಡು ಕೊಡುವುದು ಈ ಎರಡಕ್ಕೆ.

ಮೊದಲು ಕೆಲಸ ಯಾವುದೆಂದು ತೀರ್ಮಾನಿಸಿ

ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಬುಗುರಿ ಇವುಗಳಲ್ಲಿ ಮರದ ಎಳೆ ಲೇತಿನ ಉದ್ದಕ್ಕೇ ಸಾಗುತ್ತದೆ. ಇದಕ್ಕೆ ಬೇಕಾದದ್ದು ಸ್ಪಿಂಡಲ್ ಗೌಜ್. ಅದರ ತೋಡು ಆಳವಿಲ್ಲ, ಮೊನೆ ಸಪುರ. ಬಟ್ಟಲಿನಲ್ಲಿ ಸಾಮಾನ್ಯವಾಗಿ ಎಳೆ ಅಡ್ಡಡ್ಡ ಇರುತ್ತದೆ. ಹಾಗಾಗಿ ಒಂದೇ ಸುತ್ತಿನಲ್ಲಿ ಉಳಿಗೆ ಎರಡು ಸಲ ಎಳೆಯ ತುದಿ, ಎರಡು ಸಲ ಎಳೆಯ ಪಕ್ಕ ಎದುರಾಗುತ್ತದೆ. ಆ ಹೊಡೆತ ತಾಳಲು ದಪ್ಪ ಸರಳು, ಆಳವಾದ ತೋಡು ಇರುವ ಬೌಲ್ ಗೌಜ್ ಬೇಕು.

ಮೂರನೆಯದು ರಫಿಂಗ್ ಗೌಜ್. ಅಗಲ ಬಾಯಿಯ ಈ ಉಳಿ ಚೌಕ ತುಂಡನ್ನು ದುಂಡಗೆ ಮಾಡಲು ಇದೆ, ಅದೂ ಎಳೆ ಉದ್ದಕ್ಕೆ ಇರುವ ತುಂಡನ್ನು ಮಾತ್ರ. ನೋಡಲು ಎಲ್ಲಕ್ಕಿಂತ ಬಲಶಾಲಿಯಂತೆ ಕಾಣುವುದರಿಂದ ಹೊಸಬರು ಇದನ್ನೇ ಬಟ್ಟಲಿಗೆ ಒಡ್ಡುತ್ತಾರೆ. ದಯವಿಟ್ಟು ಎಂದೂ ಹಾಗೆ ಮಾಡಬೇಡಿ. ಬಾಯಿ ಅಗಲವಿದ್ದರೂ ಹಿಡಿಯೊಳಗೆ ಹೋಗುವ ಅದರ ಬಾಲ ತೆಳ್ಳಗಿನ ಪಟ್ಟಿ. ಮರ ಕಚ್ಚಿಕೊಂಡರೆ ಬಾಗುವುದು, ಮುರಿಯುವುದು ಅಲ್ಲೇ. ಮುರಿದ ತುಂಡು ಯಾವ ಕಡೆಗೆ ಹಾರುತ್ತದೆಂದು ಹೇಳಲಾಗದು.

ಅಳತೆಯ ಗೊಂದಲ

ಅಳತೆಯಲ್ಲಿ ತುಂಬ ಜನ ಎಡವುತ್ತಾರೆ. ಬೌಲ್ ಗೌಜಿನ ಅಳತೆಯನ್ನು ಇಂಗ್ಲೆಂಡಿನವರು ತೋಡಿನ ಅಗಲದಿಂದ ಹೇಳುತ್ತಾರೆ, ಅಮೆರಿಕದವರು ಸರಳಿನ ದಪ್ಪದಿಂದ. ಶೆಫೀಲ್ಡ್‌ನ ರಾಬರ್ಟ್ ಸೋರ್ಬಿ, ಕ್ರೌನ್, ಹೆನ್ರಿ ಟೇಲರ್ ಮುಂತಾದ ಹಳೆಯ ಉಳಿ ತಯಾರಕರ 3/8 ಇಂಚಿನ ಗೌಜ್ ತರಿಸಿದರೆ ಕೈಗೆ ಬರುವುದು ಸುಮಾರು ಅರ್ಧ ಇಂಚು ದಪ್ಪದ ಸರಳು, ನಮ್ಮ ಬಡಗಿಗಳ ಲೆಕ್ಕದಲ್ಲಿ ನಾಲ್ಕು ನೂಲು. ಅದನ್ನೇ ಅಮೆರಿಕದ ಅಂಗಡಿ 1/2 ಇಂಚು ಎಂದು ಮಾರುತ್ತದೆ. ಆದ್ದರಿಂದ ‘ಸರಳಿನ ದಪ್ಪ ಎಷ್ಟು ಮಿಲಿಮೀಟರ್’ ಎಂದೇ ಕೇಳಿ. ಮೊದಲ ಬೌಲ್ ಗೌಜಿಗೆ 12.7 ಮಿ.ಮೀ. ಸರಿ. ಹತ್ತು ಇಂಚಿಗಿಂತ ದೊಡ್ಡ ಬಟ್ಟಲು, ಆಳವಾದ ಪಾತ್ರೆ ಮಾಡುವವರು 15.9 ಮಿ.ಮೀ. ಕಡೆಗೆ ಹೋಗಬಹುದು. ಸರಳಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. ದಪ್ಪ ಕಾಲು ಪಾಲು ಹೆಚ್ಚಿದರೆ ಬಿಗಿ ಸುಮಾರು 2.4 ಪಟ್ಟು. ಉಳಿಯನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟಿನಿಂದ ಮುಂದಕ್ಕೆ ಚಾಚಿದ ಉಳಿ ನಡುಗಿದರೆ ಬಟ್ಟಲಿನ ಒಳಮೈಯಲ್ಲಿ ಗೀರುಗಳ ಸಾಲು ಬೀಳುತ್ತದೆ. ಅದನ್ನು ಮರಳುಕಾಗದದಿಂದ ತಿಕ್ಕಿ ತೆಗೆಯುವುದು ಗಂಟೆಗಟ್ಟಲೆ ಕೆಲಸ.

ಉಕ್ಕು

ಚನ್ನಪಟ್ಟಣದ ಆಲೆಮರ ಮೆತು, ನಯವಾದ ಎಳೆಯದು. ಅದಕ್ಕೆ ಚೆನ್ನಾಗಿ ಸಾಣೆ ಹಿಡಿದ ಸಾದಾ ಕಾರ್ಬನ್ ಉಕ್ಕಿನ ಉಳಿಯೇ ಸಾಕು. ಒಣಗಿದ ಹುಣಸೆಯೋ ಬೀಟೆಯೋ ಆದರೆ ಹಾಗಲ್ಲ. ತೇಗದಲ್ಲಿ ಮರಳಿನ ಅಂಶವಿದ್ದು ಅದು ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಜೊತೆಗೆ ಕಾರ್ಬನ್ ಉಕ್ಕು ಸಾಣೆಚಕ್ರದಲ್ಲಿ ಕಾದು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತು. ಅಷ್ಟು ಭಾಗ ಸವೆಸಿ ಎಸೆಯಬೇಕು. ಹೈಸ್ಪೀಡ್ ಸ್ಟೀಲ್ ಸುಮಾರು 550 ಡಿಗ್ರಿ ಸೆಲ್ಸಿಯಸ್‌ವರೆಗೂ ಗಡಸುತನ ಬಿಡುವುದಿಲ್ಲ. ಇದರಲ್ಲಿ ಎಂ2 ಎಂಬುದು ನಂಬಿಕೆಯ ದರ್ಜೆ: ಸುಮಾರು 6% ಟಂಗ್‌ಸ್ಟನ್, 5% ಮಾಲಿಬ್ಡಿನಮ್, 4% ಕ್ರೋಮಿಯಂ, 2% ವನೇಡಿಯಂ. ಸುಮಾರು 8% ಕೋಬಾಲ್ಟ್ ಇರುವ ಎಂ42, ಪುಡಿಲೋಹದಿಂದ ಮಾಡಿದ ಉಕ್ಕುಗಳು ಇನ್ನೂ ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುತ್ತವೆ, ಬೆಲೆಯೂ ಹೆಚ್ಚು. ಸಾಣೆ ಇನ್ನೂ ಕೈಗೆ ಕೂತಿಲ್ಲದವರು ಆ ದುಬಾರಿ ಉಕ್ಕನ್ನು ಸವೆಸುತ್ತ ಕಲಿಯುವುದು ನಷ್ಟ. ಮೊದಲಿಗೆ ಎಂ2 ಕೊಳ್ಳಿ.

‘ಎಚ್‌ಎಸ್‌ಎಸ್’ (ಹೈಸ್ಪೀಡ್ ಸ್ಟೀಲ್) ಎಂದು ಅಚ್ಚು ಒತ್ತಿದ್ದೆಲ್ಲ ಅದೇ ಆಗಿರುವುದಿಲ್ಲ. ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಎರಡು ಬಗೆಯ ಉಕ್ಕೂ ಅಂಟುತ್ತವೆ. ಕಿಡಿ ನೋಡಿ. ಕಾರ್ಬನ್ ಉಕ್ಕನ್ನು ಸಾಣೆಚಕ್ರಕ್ಕೆ ತಾಗಿಸಿದರೆ ಬೆಳ್ಳಗಿನ ಕಿಡಿಗಳು ಸುರುಸುರುಬತ್ತಿಯ ಹಾಗೆ ಕವಲೊಡೆದು ಸಿಡಿಯುತ್ತವೆ. ಹೈಸ್ಪೀಡ್ ಸ್ಟೀಲಿನ ಕಿಡಿ ಮಂಕಾದ ಕೆಂಪು-ಕಿತ್ತಳೆ, ಕವಲು ಬಹಳ ಕಡಿಮೆ. ಮನೆಯಲ್ಲಿರುವ ಹಳೆಯ ಅರ ಮತ್ತು ಒಂದು ಡ್ರಿಲ್ ಬಿಟ್ ಎರಡನ್ನೂ ಒಂದಾದ ಮೇಲೊಂದು ತಾಗಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಪಳಗುತ್ತದೆ. ಕಣ್ಣು ಕಾಯುವ ರಕ್ಷಣಾ ಕನ್ನಡಕ ಹಾಕದೆ ಇದನ್ನು ಮಾಡಬೇಡಿ.

ತೋಡಿನೊಳಗೆ ಬೆಳಕು ಬಿಟ್ಟು ನೋಡಿ

ನನ್ನ ಮಟ್ಟಿಗೆ ಒಳ್ಳೆಯ ಗೌಜ್ ಗುರುತಾಗುವುದು ಇಲ್ಲಿ. ಹರಿತ ಎಂದರೆ ಎರಡು ಮೈ ಸೇರುವ ಗೆರೆ: ಹೊರಗೆ ಸಾಣೆ ಹಿಡಿದ ಓರೆ, ಒಳಗೆ ತೋಡಿನ ಮೈ. ತೋಡಿನಲ್ಲಿ ಯಂತ್ರ ಕೊರೆದ ಗೀರುಗಳು ಹಾಗೇ ಉಳಿದಿದ್ದರೆ, ಹೊರಗೆ ಎಷ್ಟು ಸಾಣೆ ಹಿಡಿದರೂ ಬಾಯಿ ಗರಗಸದಂತೆಯೇ ಇರುತ್ತದೆ. ಮೊಬೈಲಿನ ಟಾರ್ಚ್ ಬಿಟ್ಟು ನೋಡಿ, ಉಗುರು ಎಳೆದು ನೋಡಿ. ಆಮೇಲೆ ತುದಿಯನ್ನು ನೇರವಾಗಿ ಕಣ್ಣಿಗೆ ಹಿಡಿಯಿರಿ. ತೋಡು ಸರಳಿನ ನಡುವೆ ಇದೆಯೇ? ಎರಡು ಪಕ್ಕದ ಗೋಡೆಯೂ ಒಂದೇ ದಪ್ಪವೇ? ಒಂದು ಬದಿ ತೆಳುವಾದರೆ ಬಾಯಿಯ ಎರಡು ಪಕ್ಕದ ಅಂಚುಗಳು, ಅಂದರೆ ರೆಕ್ಕೆಗಳು, ಎಂದಿಗೂ ಒಂದೇ ಸಮ ಬರುವುದಿಲ್ಲ.

ತೋಡಿನ ಉದ್ದವನ್ನೂ ಅಳೆಯಿರಿ. ಪ್ರತಿ ಸಾಣೆಗೂ ಉಳಿ ಕೂದಲಷ್ಟು ಸವೆಯುತ್ತದೆ. ತೋಡು ಮುಗಿದಲ್ಲಿಗೆ ಗೌಜಿನ ಆಯುಸ್ಸು ಮುಗಿಯಿತು, ಹಿಂದೆ ಎಷ್ಟು ಉದ್ದದ ಸರಳಿದ್ದರೂ ಅಷ್ಟೆ. ಅಡ್ಡ ಸೀಳಿನಲ್ಲಿ ತೋಡು ‘ವಿ’ ಆಕಾರದ್ದೋ ‘ಯು’ ಆಕಾರದ್ದೋ ಎಂಬ ಚರ್ಚೆ ದೊಡ್ಡದು. ತೀರ ಕಿರಿದಾದ ‘ವಿ’ಯಲ್ಲಿ ಹಸಿಮರದ ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ಇವೆರಡರ ನಡುವಿನ ಪ್ಯಾರಾಬೋಲಾ ಆಕಾರ ಎಲ್ಲ ಬಗೆಯ ಸಾಣೆಗೂ ಒಗ್ಗುತ್ತದೆ, ಅದನ್ನೇ ಆರಿಸಿ.

ಹಿಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೌಲ್ ಗೌಜಿಗೆ 16 ಇಂಚಿನ ಆಸುಪಾಸು, ಸ್ಪಿಂಡಲ್ ಗೌಜಿಗೆ 10–12 ಇಂಚು. ಹಿಡಿಯಿಲ್ಲದ ಸರಳನ್ನಷ್ಟೇ ತರಿಸಿದರೆ ಅಗ್ಗ. ಹಿಡಿ ಕಡೆಯಲು ಲೇತ್ ಹೇಗೂ ಇದೆ. ಸರಳು ಒಳಹೋಗುವ ತುದಿಗೆ ಹಿತ್ತಾಳೆ ಬಳೆ ಬಿಗಿಯಲು ಮರೆಯದಿರಿ, ಇಲ್ಲದಿದ್ದರೆ ಹಿಡಿ ಸೀಳುತ್ತದೆ.

ಉಳಿದ ದುಡ್ಡು ಸಾಣೆಗೆ

ಒಂದು ಬೌಲ್ ಗೌಜ್, ಒಂದು 3/8 ಇಂಚಿನ ಸ್ಪಿಂಡಲ್ ಗೌಜ್, ಇಷ್ಟೇ ಕೊಂಡು ಮಿಕ್ಕದ್ದನ್ನು ಎಂಟು ಇಂಚಿನ ಗ್ರೈಂಡರಿಗೂ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದುಕೊಡುವ ಜಿಗ್‌ಗೂ ಹಾಕಿ. ನಿಮಿಷಕ್ಕೆ ಸುಮಾರು 1440 ಸುತ್ತಿನ ನಿಧಾನದ ಗ್ರೈಂಡರ್, 80 ಗ್ರಿಟ್‌ನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ ಸಾಕು. ಬಿಸಿಯಾದ ಹೈಸ್ಪೀಡ್ ಸ್ಟೀಲನ್ನು ನೀರಿಗೆ ಅದ್ದಬೇಡಿ, ಬಾಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು.

ಗೌಜ್ ಮನೆಗೆ ಬಂದ ದಿನ ಅದರ ಓರೆಗೆ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಜಿಗ್‌ನಲ್ಲಿ ಕೂರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ತಾಗಿಸಿ. ಮಸಿ ಓರೆಯ ಹಿಂದಿನ ಅಂಚಿನಿಂದ (ಹಿಮ್ಮಡಿ) ಬಾಯಿಯ ಅಂಚಿನವರೆಗೆ ಸಮನಾಗಿ ಹೋದರೆ ಕೋನ ಕೂತಿದೆ. ಬೌಲ್ ಗೌಜಿಗೆ ಮೂತಿಯಲ್ಲಿ 55 ಡಿಗ್ರಿಯಿಂದ ಶುರು ಮಾಡಬಹುದು. ಸಾಣೆ ಹಿಡಿದು, ಹಸಿ ಮಾವಿನ ತುಂಡೊಂದನ್ನು ಲೇತಿಗೆ ಕಟ್ಟಿ, ಓರೆಯ ಬೆನ್ನನ್ನು ಮರಕ್ಕೆ ಒರಗಿಸಿ ನಿಧಾನಕ್ಕೆ ಹಿಡಿಯನ್ನು ಎತ್ತಿ. ಸಿಪ್ಪೆ ಉದ್ದುದ್ದ ಸುರುಳಿಯಾಗಿ ತೋಡಿನಿಂದ ಹೊರಳಿ ಬಂದರೆ ಮುಂದುವರಿಸಿ. ಪುಡಿ ಉದುರಿದರೆ ಮತ್ತೊಮ್ಮೆ ಸಾಣೆಗೆ ಹಿಡಿಯಿರಿ.